ಆವರೇಜ್ ಎಷ್ಟೈತ್ರಿ?

ಧಾರವಾಡದಾಗ ಬಾಡಿಗೆ ಮನೆ ನೋಡಲಿಕ್ಕೆ ಬಂದವರು ಮೊದಲೆಲ್ಲ ಎರಡು ಮಾತು ಕೇಳುತ್ತಿದ್ದರು. ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ, ಡಿಪಾಸಿಟ್ ಎಷ್ಟು. 2023ರಲ್ಲಿ ಗೃಹಜ್ಯೋತಿ, ಅಂದರೆ ಸರ್ಕಾರದ ಫ್ರೀ ಕರೆಂಟಿನ ಯೋಜನೆ, ಬಂದ ನಂತರ ಮೂರನೆಯದೊಂದು ಸೇರಿಕೊಂಡಿದೆ: "ಮೀಟರಿಂದು ಆವರೇಜ್ ಎಷ್ಟೈತ್ರಿ?" ಸಪ್ತಾಪುರದ ಕಡೆ ಪರೀಕ್ಷೆಗೆ ಓದಲು ಬರುವ ಹುಡುಗರಂತೂ ಕಿಟಕಿ, ಬಚ್ಚಲು ನೋಡುವ ಮೊದಲೇ ಹಳೆಯ ಲೈಟ್ ಬಿಲ್ ತೋರಿಸ್ರಿ ಅನ್ನುತ್ತಾರೆ. ಮಾಲಕರೂ ಚಾಲಾಕಿಗಳಾಗಿದ್ದಾರೆ. ಆವರೇಜ್ ಚೆನ್ನಾಗಿರುವ ಮನೆಗೆ ಬಾಡಿಗೆ ಸ್ವಲ್ಪ ಏರಿಸಿ ಹೇಳುವವರನ್ನು ನಾನೇ ಬಲ್ಲೆ.

ಆದರೆ ಅದು ಯಾವುದರ ಆವರೇಜು, ಬಿಲ್ಲಿನ ಉಳಿದ ಸಾಲುಗಳು ಏನು ಹೇಳುತ್ತವೆ ಅಂತ ಕೇಳಿದರೆ ಹೆಚ್ಚಿನವರು ಕೈ ಎತ್ತಿಬಿಡುತ್ತಾರೆ. ನಾನು ಲೆಕ್ಕಪತ್ರದ ನೌಕರಿ ಮಾಡಿ ನಿವೃತ್ತನಾದವನು ಅನ್ನುವುದು ಓಣಿಗೆಲ್ಲ ಗೊತ್ತು. ಹಾಗಾಗಿ ತಿಂಗಳ ಮೊದಲ ವಾರ "ಕಾಕಾರ, ಇದೊಂಚೂರು ನೋಡ್ರಿ" ಅಂತ ಬಿಲ್ಲುಗಳು ನನ್ನ ಕೈಗೆ ಬರುತ್ತವೆ. ಎಲ್ಲರೂ ನೋಡಿರುವುದು ಕಟ್ಟಬೇಕಾದ ಮೊತ್ತ ಮಾತ್ರ. ಅದರ ಮೇಲಿನ ಸಾಲುಗಳ ಮೇಲೆ ಯಾರ ಕಣ್ಣೂ ಬಿದ್ದಿರುವುದಿಲ್ಲ. ಹಾಗೆ ನೋಡಿದರೆ ಆ ಕಾಗದವೂ ಬಹಳ ದಿನ ಬಾಳುವಂಥದ್ದಲ್ಲ. ಕಾವಿಗೆ ಮೂಡುವ ಅಕ್ಷರ, ನಾಲ್ಕಾರು ತಿಂಗಳಿಗೆ ಬೆಳ್ಳಗಾಗುತ್ತದೆ. ಇಟ್ಟುಕೊಳ್ಳಬೇಕೆಂದರೆ ಬಂದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆಯುವುದು ಒಳ್ಳೆಯದು.

ಲೆಕ್ಕ ಶುರುವಾಗುವುದು ಯೂನಿಟ್ಟಿನಿಂದ. ಸಾವಿರ ವಾಟಿನ ಉಪಕರಣ ಒಂದು ತಾಸು ನಡೆದರೆ ಒಂದು ಯೂನಿಟ್. ಇಷ್ಟೇ. ಈ ಒಂದು ವಾಕ್ಯ ಕೈಯಲ್ಲಿದ್ದರೆ ಮನೆಯ ಯಾವ ವಸ್ತು ಎಷ್ಟು ತಿನ್ನುತ್ತದೆ ಅನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಸಾಧನ ಗೋಡೆಯ ಮೇಲೆಯೇ ಇದೆ, ಮೀಟರು. ಅದರ ಮುಖದ ಮೇಲೆ ಮಿಣಮಿಣ ಮಾಡುವ ಕೆಂಪು ದೀಪ ಎಲ್ಲರೂ ನೋಡಿದ್ದೇ. ಅದರ ಪಕ್ಕ ಒಂದು ಸಂಖ್ಯೆ ಅಚ್ಚಾಗಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. ನಮ್ಮ ಮೀಟರಿನಲ್ಲಿ ಅದು 3200. ಅಂದರೆ ಆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಆಯಿತು. ಬೇರೆ ಮೀಟರುಗಳಲ್ಲಿ 1600 ಇರಬಹುದು. ಹಳೆಯ ಮೀಟರುಗಳಲ್ಲಿ ಇದೇ ಕೆಲಸವನ್ನು ತಿರುಗುವ ತಟ್ಟೆ ಮಾಡುತ್ತಿತ್ತು.

ಒಂದು ರವಿವಾರ ಮಧ್ಯಾಹ್ನ ಮೊಮ್ಮಗನನ್ನು ಮೀಟರಿನ ಕೆಳಗೆ ಸ್ಟೂಲ್ ಹಾಕಿ ನಿಲ್ಲಿಸಿದೆ. ಮನೆಯ ಲೈಟು, ಫ್ಯಾನು, ಟಿವಿ ಎಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆ. "ಈಗ ಬಂದ್ ಆಗಬೇಕಲ್ಲ ಅಜ್ಜಾ?" ಅಂದ. ಆಗಲಿಲ್ಲ. ನಿಮಿಷಕ್ಕೊಮ್ಮೆ, ಕೊಂಚ ತಡೆದು, ಕೆಂಪು ದೀಪ ಮಿಣುಕುತ್ತಲೇ ಇತ್ತು. ನಿಮಿಷಕ್ಕೊಂದು ಅಂದರೆ ತಾಸಿಗೆ 60, ಹೆಚ್ಚು ಕಡಿಮೆ 20 ವಾಟು. ಹುಡುಕಿದರೆ ಟಿವಿಯ ಹಿಂದಿನ ಸೆಟ್‌ಟಾಪ್ ಬಾಕ್ಸು, ಇಂಟರ್‌ನೆಟ್ಟಿನ ಡಬ್ಬಿ. ರಿಮೋಟಿನಲ್ಲಿ ಆರಿಸಿದ್ದು ಆರಿದ ಹಾಗಲ್ಲ. 20 ವಾಟು, 24 ತಾಸು, 30 ದಿನ: ತಿಂಗಳಿಗೆ 14 ಯೂನಿಟ್. ಯಾರೂ ಏನೂ ನೋಡದೆ, ಕೇಳದೆ ಹೋದ 14 ಯೂನಿಟ್. ಆಮೇಲೆ ಗೀಜರ್ ಹಚ್ಚಿದೆವು. ಹುಡುಗ ಎಣಿಸಲಿಕ್ಕೆ ಹೋಗಿ ಸೋತ. 2000 ವಾಟಿನ ಗೀಜರಿಗೆ ದೀಪ ನಿಮಿಷಕ್ಕೆ ನೂರಾ ಏಳರ ಹತ್ತಿರ ಹೊಡೆದುಕೊಳ್ಳುತ್ತದೆ, ಕಣ್ಣು ಹಿಡಿಯುವುದಿಲ್ಲ.

ನಮ್ಮ ಮನೆಗಳಲ್ಲಿ ಕರೆಂಟಿನ ಬಗ್ಗೆ ಆಗುವ ಜಗಳ ಯಾವಾಗಲೂ ಲೈಟಿಂದು. "ಲೈಟ್ ಆರಸು, ನಿಮ್ಮಪ್ಪ ಕೆಇಬಿಯಾಗ ಅದಾನೇನು?" ಅಂತ ಬೈಸಿಕೊಳ್ಳದ ಮಗು ನಮ್ಮ ಸೀಮೆಯಲ್ಲಿ ಸಿಗಲಿಕ್ಕಿಲ್ಲ. 60 ವಾಟಿನ ಬುರುಡೆ ಬಲ್ಬಿನ ಕಾಲಕ್ಕೆ ಆ ಬೈಗುಳ ಸರಿಯಿತ್ತು. ದಿನಕ್ಕೆ ಆರು ತಾಸು ಉರಿದರೆ ಅದೊಂದೇ ತಿಂಗಳಿಗೆ ಹತ್ತು ಯೂನಿಟ್ ದಾಟುತ್ತಿತ್ತು. ಈಗಿನ 9 ವಾಟಿನ ಎಲ್‌ಇಡಿ ಇಡೀ ರಾತ್ರಿ, ಹತ್ತು ತಾಸು ಉರಿದರೂ ಐವತ್ತೆರಡು ಪೈಸೆ. ಅಷ್ಟಕ್ಕೆ ರಾತ್ರಿ ಎದ್ದು ಬಾಗಿಲು ಬಾಗಿಲು ತಿರುಗುವ ಹಿರಿಯರು, ಬೆಳಿಗ್ಗೆ ಗೀಜರ್ ಹಚ್ಚಿ ಪೇಪರ್ ಓದುತ್ತ ಕುಳಿತುಬಿಡುತ್ತಾರೆ. ಹಳೆಯ 75 ವಾಟಿನ ಫ್ಯಾನು ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಹೊಸ ತರಹದ, 30 ವಾಟಿನ ಒಳಗಿನ ಫ್ಯಾನು ಅದೇ ಕೆಲಸಕ್ಕೆ ಹನ್ನೊಂದು ಯೂನಿಟ್ಟನ್ನೂ ತಿನ್ನುವುದಿಲ್ಲ. ಫ್ರಿಜ್ಜಿನ ಲೆಕ್ಕ ಅದರ ಬಾಗಿಲ ಮೇಲೆಯೇ ನಕ್ಷತ್ರದ ಚೀಟಿಯಲ್ಲಿ, ವರ್ಷಕ್ಕೆ ಇಷ್ಟು ಅಂತ ಅಂಟಿಸಿರುತ್ತಾರೆ. ಹನ್ನೆರಡರಿಂದ ಭಾಗಿಸಿದರೆ ಆಯಿತು.

ನಿಜವಾಗಿ ತಿನ್ನುವುದು ಬಿಸಿನೀರು. ಇಪ್ಪತ್ತು ಲೀಟರಿನ ಒಂದು ಬಕೆಟ್ಟು, ಧಾರವಾಡದ ಡಿಸೆಂಬರಿನ ಬೆಳಿಗ್ಗೆ ಟಾಕಿಯ ನೀರು 20 ಡಿಗ್ರಿ ಇದೆ ಅಂದುಕೊಳ್ಳಿ. ಮೈಗೆ ಹಿತವಾಗುವ 42ಕ್ಕೆ ತರಲಿಕ್ಕೆ ಅರ್ಧ ಯೂನಿಟ್ ಬೇಕು. ಇದು ಯಾವ ಕಂಪನಿಯ ಕಾಯಿಲ್ ಗೀಜರಿನಿಂದಲೂ ಕಡಿಮೆಯಾಗುವ ಮಾತಲ್ಲ. ಅಷ್ಟು ನೀರನ್ನು ಅಷ್ಟು ಡಿಗ್ರಿ ಕಾಸಲು ಬೇಕಾದ ಶಾಖವೇ ಅಷ್ಟು. ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಹಿಡಿದರೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. ನಮ್ಮ ಹಳೆಯ ಮನೆಗಳ ಬಚ್ಚಲ ಒಲೆಯಲ್ಲಿ ಹತ್ತಿ ಕಟ್ಟಿಗೆ ತುರುಕಿ ಹಂಡೆ ನೀರು ಕಾಸುತ್ತಿದ್ದಾಗಲೂ ಇದೇ ಶಾಖ ಬೇಕಿತ್ತು, ಅದಕ್ಕಿಂತ ಎಷ್ಟೋ ಪಟ್ಟು ಹೊಗೆಯಾಗಿ ಹೋಗುತ್ತಿತ್ತು. ಅಲ್ಲಿ ಮೀಟರ್ ಇರಲಿಲ್ಲ, ಅಷ್ಟೇ. ಕಣ್ಣು ಉರಿಸಿಕೊಂಡು ಊದುಗೊಳವಿ ಊದಿದವರ ಲೆಕ್ಕ ಯಾವ ಬಿಲ್ಲಿನಲ್ಲೂ ಬರಲಿಲ್ಲ.

ಎರಡನೆಯದು ನೀರೆತ್ತುವ ಮೋಟರು. ಹುಬ್ಬಳ್ಳಿ-ಧಾರವಾಡದಲ್ಲಿ ನೀರಿನ ಬಿಲ್ಲೂ ಲೈಟಿನ ಬಿಲ್ಲೂ ಬೇರೆ ಬೇರೆ ಅನ್ನುವುದು ಕಾಗದದ ಮೇಲಿನ ಮಾತು. ಮಲಪ್ರಭೆಯ ನೀರು ದಿನಗಟ್ಟಲೆ ದಾರಿ ಕಾಯಿಸಿ ಬರುವ ಓಣಿಗಳಲ್ಲಿ ಪ್ರತಿ ಮನೆಗೂ ನೆಲದೊಳಗೊಂದು ಸಂಪು, ತಾರಸಿಯ ಮೇಲೊಂದು ಟಾಕಿ, ನಡುವೆ ಒಂದು ಮೋಟರು ಬೇಕೇ ಬೇಕು. ಒಂದು ಎಚ್‌ಪಿ ಅಂದರೆ 746 ವಾಟು, ಮೋಟರಿನೊಳಗಿನ ನಷ್ಟವನ್ನೂ ಹಿಡಿದರೆ ತಾಸಿಗೆ ಒಂದು ಯೂನಿಟ್ ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ ಇಪ್ಪತ್ತು ನಿಮಿಷ ನಡೆದರೂ ತಿಂಗಳಿಗೆ ಹತ್ತು ಯೂನಿಟ್ ನೀರಿನ ಲೆಕ್ಕಕ್ಕೆ. ನಳದ ಒತ್ತಡದಿಂದಲೇ ನೀರು ಮೇಲೆ ಹತ್ತುವ, 24 ತಾಸು ನೀರಿರುವ ವಾರ್ಡಿನವರಿಗೆ ಈ ಹತ್ತು ಯೂನಿಟ್ಟಿನ ವಿಷಯ ಅರ್ಥವೇ ಆಗುವುದಿಲ್ಲ.

ಇನ್ನು ಬಿಲ್ಲಿಗೆ ಬರೋಣ. ನಮ್ಮ ಕಡೆ ಕರೆಂಟು ಹಂಚುವ ಕಂಪನಿ ಹೆಸ್ಕಾಂನ ಬಿಲ್ಲಿನಲ್ಲಿ ಆರ್.ಆರ್. ನಂಬರ್, ಅಂದರೆ ನಮ್ಮ ಮೀಟರಿನ ಗುರುತಿನ ಸಂಖ್ಯೆ, ಆದ ಮೇಲೆ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎರಡರ ತಾರೀಕು ಇರುತ್ತವೆ. ಮೊದಲು ಈ ತಾರೀಕು ನೋಡಬೇಕು. "ಹೋದ ತಿಂಗಳಕಿಂತ ಜಾಸ್ತಿ ಬಂತು" ಅಂತ ಬರುವವರಲ್ಲಿ ಎಷ್ಟೋ ಜನರದು ಬರೀ ದಿನಗಳ ವ್ಯತ್ಯಾಸ. ಹೋದ ಸಲ 28 ದಿನಕ್ಕೆ ಓದಿದ್ದರು, ಈ ಸಲ 33 ದಿನಕ್ಕೆ. ಯೂನಿಟ್ಟನ್ನು ದಿನಗಳಿಂದ ಭಾಗಿಸಿ ನೋಡಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಮಿಕ್ಕ ಅರ್ಧಕ್ಕೆ ಬಿಲ್ಲಿನ ರೀಡಿಂಗನ್ನು ಗೋಡೆಯ ಮೀಟರಿನ ಅಂಕಿಯ ಜೊತೆ ತಾಳೆ ನೋಡಬೇಕು. ಇದಕ್ಕೆ ಯಾವ ಕಚೇರಿಗೂ ಹೋಗಬೇಕಾಗಿಲ್ಲ.

ಆಮೇಲೆ ದುಡ್ಡಿನ ಸಾಲುಗಳು. ಇಲ್ಲಿನ ಲೆಕ್ಕವೆಲ್ಲ 2025-26ರ ದರದ್ದು. ಮನೆಗೆ ಮಂಜೂರಾದ ಲೋಡಿನ (ಒಮ್ಮೆಗೆ ಎಳೆಯಬಹುದಾದ ಕರೆಂಟಿನ) ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ ನಿಗದಿತ ಶುಲ್ಕ, 145 ರೂಪಾಯಿ. ಬಳಸಿದ ಪ್ರತಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಅಂತ ಯೂನಿಟ್ಟಿಗೆ 36 ಪೈಸೆ. ಕರೆಂಟು ಕೊಳ್ಳುವ ಖರ್ಚು ಏರಿಳಿದಂತೆ ತಿಂಗಳಿಗೊಮ್ಮೆ ಬದಲಾಗುವ ಹೊಂದಾಣಿಕೆ ಶುಲ್ಕ ಇನ್ನೊಂದು, ಅದು ಕೆಲವು ತಿಂಗಳು ಮೈನಸ್ಸೂ ಆಗುತ್ತದೆ. ಕೊನೆಗೆ ಯೂನಿಟ್ ದರದ ಮೇಲೆ ಶೇಕಡಾ 9 ತೆರಿಗೆ. ತೆರಿಗೆ ಬಿಟ್ಟು ಈ ದರಗಳನ್ನು ಗೊತ್ತು ಮಾಡುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ನವನಗರದಲ್ಲಿ ಕೂತ ಹೆಸ್ಕಾಂ ಏಳು ಜಿಲ್ಲೆಗಳಿಗೆ ಅದರಂತೆ ಬಿಲ್ ಮಾಡುತ್ತದೆ.

ಒಂದೇ ದರ ಅನ್ನುವುದು ಹೊಸದು, 2024ರ ಏಪ್ರಿಲ್‌ನಿಂದ ಬಂದದ್ದು. ಅದಕ್ಕೂ ಹಿಂದಿನ ವರ್ಷ ಒಂದು ವಿಚಿತ್ರ ನಿಯಮವಿತ್ತು. ನೂರು ಯೂನಿಟ್ಟಿನ ಒಳಗಿದ್ದರೆ ಯೂನಿಟ್ಟಿಗೆ 4 ರೂಪಾಯಿ 75 ಪೈಸೆ, ನೂರು ದಾಟಿದರೆ ಮೊದಲನೆಯ ಯೂನಿಟ್ಟಿನಿಂದಲೇ 7 ರೂಪಾಯಿ. ನೂರಕ್ಕೆ 475, ನೂರಾ ಒಂದಕ್ಕೆ 707. ಆ ಒಂದು ಯೂನಿಟ್ಟಿನ ಬೆಲೆ 232 ರೂಪಾಯಿ! ಅದರಲ್ಲೂ ಆದೇಶ ಬಂದದ್ದು 2023ರ ಮೇ ತಿಂಗಳಲ್ಲಿ, ಜಾರಿಯಾದದ್ದು ಏಪ್ರಿಲ್‌ನಿಂದ. ಹಿಂಬಾಕಿ ಸೇರಿ ಜೂನಿನ ಬಿಲ್ಲು ಬಂದಾಗ ಊರೆಲ್ಲ ಹೌಹಾರಿತು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ಕ್ಕೆ ಬಂದ್ ಕರೆ ಕೊಟ್ಟದ್ದು ಇದೇ ದರ ಏರಿಕೆಯ ಸಿಟ್ಟಿಗೆ. ಅದಾದ ಕೆಲವೇ ದಿನಕ್ಕೆ, ಜುಲೈ 1ರಿಂದ, ಗೃಹಜ್ಯೋತಿ ಶುರುವಾಯಿತು. ಆಗಸ್ಟಿನಲ್ಲಿ ಕಟ್ಟೆಯ ಮೇಲಿನ ಮಾತೇ ಬೇರೆ: "ನಮ್ಮದು ಝೀರೋ ಬಂತ ನೋಡ್ರಿ!"

ಮೇಲೆ ಹೇಳಿದ ಆವರೇಜು ಬರುವುದು ಇಲ್ಲಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಅನ್ನುವುದು ಅರ್ಧ ಮಾತು. ನಿಮ್ಮ ಮೀಟರು 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದು, ಅದರ ಮೇಲೆ ಶೇಕಡಾ 10. ಅಷ್ಟು ನಿಮ್ಮ ಪಾಲು. ಪಾಲಿನೊಳಗಿದ್ದರೆ ಸೊನ್ನೆ, ಪಾಲು ದಾಟಿ 200ರೊಳಗಿದ್ದರೆ ಹೆಚ್ಚಾದ ಯೂನಿಟ್ಟುಗಳಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇಕಡಾ 10 ಅಂದರೆ ಏನೂ ಸಿಗುವುದಿಲ್ಲ ಅಂತ 2024ರ ಜನವರಿಯಲ್ಲಿ ಅವರಿಗೆ ಹತ್ತು ಯೂನಿಟ್ ಕೊಟ್ಟರು. ಹಳೆಯ ದಾಖಲೆಯೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53, ಅದರ ಮೇಲೆ ಹತ್ತು ಪರ್ಸೆಂಟ್, 58.

ಕೇಳಲಿಕ್ಕೆ ಸರಳ. ಆದರೆ ನಮ್ಮ ಎದುರು ಮನೆಯ ಅಕ್ಕಾರ ಬಿಲ್ ನೋಡಿ. 2022-23ರಲ್ಲಿ ಅವರು ಒಬ್ಬರೇ ಇದ್ದರು, ಮಗ ಪುಣೆಯಲ್ಲಿ. ಸಂಜೆ ಎಂಟಕ್ಕೆ ಊಟ, ಒಂಬತ್ತಕ್ಕೆ ಲೈಟ್ ಬಂದ್. ಸರಾಸರಿ 31 ಯೂನಿಟ್, ಪಾಲು 41. ಈಗ ಮಗ, ಸೊಸೆ, ಎರಡು ಮಕ್ಕಳು ಇಲ್ಲಿಗೇ ಬಂದಿದ್ದಾರೆ. ಐದು ಜನಕ್ಕೆ ತಿಂಗಳಿಗೆ 120, ಅದೇನೂ ದುಂದು ಅಲ್ಲ. ಆದರೆ 79 ಯೂನಿಟ್ಟಿಗೆ ದುಡ್ಡು ಕಟ್ಟಬೇಕು: ಯೂನಿಟ್ ದರ 458, ಪಿಂಚಣಿ ಬಾಬ್ತು 28, ತೆರಿಗೆ 41. ಹೊಂದಾಣಿಕೆ ಶುಲ್ಕ ಬಿಟ್ಟೇ 527 ರೂಪಾಯಿ. ಕಾಗದದ ಮೇಲೆ ಇಷ್ಟೆಲ್ಲ ಬಿಡಿಸಿ ತೋರಿಸಿದ ಮೇಲೆ ಅಕ್ಕಾರು ಕನ್ನಡಕ ತೆಗೆದು ಕೇಳಿದರು: "ಅಂದ್ರ ಆವಾಗ ನಾ ನಾಕೂ ಖೋಲ್ಯಾಗ ಲೈಟ್ ಹಚಗೊಂಡು ಕುಂತಿದ್ರ ಪಾಡಿತ್ತೇನ್ರಿ?"

ಲೆಕ್ಕದ ಪ್ರಕಾರ ಹೌದು. ಉಳಿಸಿದವರಿಗೆ ಕಡಿಮೆ ಪಾಲು, ಉಡಾಯಿಸಿದವರಿಗೆ ಹೆಚ್ಚು. ನಿಯಮ ಮಾಡಿದವರ ಕಡೆಯೂ ಒಂದು ಮಾತಿದೆ, ಅದನ್ನೂ ಅಕ್ಕಾರಿಗೆ ಹೇಳಿದೆ. ಎಲ್ಲರಿಗೂ 200 ಅಂತ ಬಿಟ್ಟಿದ್ದರೆ 60 ಬಳಸುತ್ತಿದ್ದವರೂ 199ರವರೆಗೆ ಏರುತ್ತಿದ್ದರು, ಆ ದುಡ್ಡು ಸರ್ಕಾರವೇ ಕಂಪನಿಗೆ ತುಂಬಬೇಕಲ್ಲ. ತಡೆ ಒಂದು ಬೇಕಿತ್ತು, ಒಪ್ಪೋಣ. ಆದರೆ ಒಂದು ವರ್ಷವನ್ನು ಹಿಡಿದು ನಿಲ್ಲಿಸಿ, ಅದನ್ನೇ ಕೊನೆಯವರೆಗೂ ಅಳತೆ ಮಾಡಿಕೊಂಡರೆ ಮನೆ ಅನ್ನುವುದು ಬದಲಾಗುತ್ತದೆ ಎಂಬುದನ್ನೇ ಮರೆತ ಹಾಗಾಗುತ್ತದೆ. ಸೊಸೆ ಬರುತ್ತಾಳೆ, ಮಗು ಹುಟ್ಟುತ್ತದೆ, ಮಗಳು ಗಂಡನ ಮನೆಗೆ ಹೋಗುತ್ತಾಳೆ. ರೇಶನ್ ಕಾರ್ಡಿನಲ್ಲಿ ತಲೆ ಎಣಿಸುವ ಪದ್ಧತಿ ಇದ್ದೇ ಇದೆ. ಅಕ್ಕಿಗೆ ನಡೆಯುವ ಲೆಕ್ಕ ಕರೆಂಟಿಗೆ ಯಾಕೆ ನಡೆಯಬಾರದು ಅನ್ನುವುದು ನನ್ನ ತಕರಾರು.

ನಮ್ಮ ಮನೆಯದು ಇದರ ತದ್ವಿರುದ್ಧ. ಆ ವರ್ಷ ಅವ್ವ ಹಾಸಿಗೆ ಹಿಡಿದಿದ್ದಳು. ಬೆನ್ನಿಗೆ ಹುಣ್ಣಾಗದಿರಲಿ ಅಂತ ಹಾಕಿದ್ದ ಗಾಳಿ ಹಾಸಿಗೆಯ ಪಂಪು ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ಫ್ಯಾನು ಆರಿಸುವ ಹಾಗಿರಲಿಲ್ಲ, ದಿನಕ್ಕೆ ಹಲವು ಸಲ ಬಿಸಿನೀರು, ದಿನಾ ಹೊದಿಕೆ ತೊಳೆಯಲು ವಾಷಿಂಗ್ ಮಷೀನು. ಸರಾಸರಿ 150ಕ್ಕೆ ಹೋಗಿತ್ತು, ಪಾಲು 165 ಆಯಿತು. ಅವ್ವ ಮರುವರ್ಷ ತೀರಿಹೋದಳು. ಈಗ ನಾವು ನೂರರ ಒಳಗೇ ಇದ್ದೇವೆ, ಬಿಲ್ಲು ಸೊನ್ನೆ ಬರುತ್ತದೆ. ಸರ್ಕಾರದ ಲೆಕ್ಕದಲ್ಲಿ ಅವ್ವ ಇನ್ನೂ ನಮ್ಮ ಮನೆಯಲ್ಲೇ ಇದ್ದಾಳೆ. ಎದುರು ಮನೆಯ ಲೆಕ್ಕದಲ್ಲಿ ಆ ಎರಡು ಮಕ್ಕಳು ಇನ್ನೂ ಪುಣೆಯಿಂದ ಬಂದಿಲ್ಲ.

ಬಾಡಿಗೆಯ ಹುಡುಗರು ಆವರೇಜ್ ಕೇಳುವುದು ಇದಕ್ಕೇ. ಪಾಲು ಅಂಟಿಕೊಂಡಿರುವುದು ಮೀಟರಿನ ಹಳೆಯ ಓಟಕ್ಕೆ, ಮನೆಯಲ್ಲಿರುವ ಮನುಷ್ಯರಿಗಲ್ಲ. ಹಿಂದೆ ಯಾರೋ ಬೀಗ ಹಾಕಿಕೊಂಡು ಹೋಗಿದ್ದ ಮನೆ ಸಿಕ್ಕರೆ ಅವರ ನಸೀಬು ಅಷ್ಟೇ. ಮನೆ ಬಿಡುವಾಗ ತಮ್ಮ ಆಧಾರ್ ಜೋಡಣೆ ಬಿಡಿಸಿಕೊಂಡು ಹೋಗುವುದೂ ಮುಖ್ಯ, ಇಲ್ಲದಿದ್ದರೆ ಹೊಸ ಮನೆಗೆ ಯೋಜನೆ ಹತ್ತುವುದಿಲ್ಲ. ಒಬ್ಬರ ಹೆಸರಿಗೆ ಒಂದೇ ಮೀಟರು.

200ರ ಅಂಚಿನ ಬಗ್ಗೆಯೂ ಒಂದು ಮಾತು. ಪಾಲು 200 ಇರುವ, ಮೂರು ಕಿಲೋವ್ಯಾಟ್ ಲೋಡಿನ ಮನೆ 200 ಬಳಸಿದರೆ ಸೊನ್ನೆ. 201 ಆದರೆ ನಿಗದಿತ ಶುಲ್ಕ 435, ಯೂನಿಟ್ಟಿಗೆ 1166, ಪಿಂಚಣಿಗೆ 72, ತೆರಿಗೆ 105, ಒಟ್ಟು 1778ರ ಹತ್ತಿರ. 2023ರ 232 ರೂಪಾಯಿಯ ಯೂನಿಟ್ಟು ಇದರ ಮುಂದೆ ಅಗ್ಗ. ಮೀಟರ್ ಓದುವವರು ಬರುವ ಮೊದಲಿನ ವಾರ ಕೆಲವು ಮನೆಗಳಲ್ಲಿ ಇಸ್ತ್ರಿ ಇಲ್ಲ, ಗೀಜರ್ ಇಲ್ಲ, ಮಕ್ಕಳು ತಣ್ಣೀರು ಸ್ನಾನ. ಮೀಟರಿನ ಅಂಕಿಯನ್ನು ದಿನಾ ಮುಂಜಾನೆ ಬರೆದಿಟ್ಟುಕೊಳ್ಳುವ ಒಬ್ಬ ರಿಟೈರ್ಡ್ ಮಾಸ್ತರರು ನಮ್ಮಲ್ಲಿದ್ದಾರೆ. ಅವರ ವಹಿ ನೋಡಿದರೆ ಯಾವ ದಿನ ಬೀಗರು ಬಂದಿದ್ದರು ಅನ್ನುವುದೂ ಗೊತ್ತಾಗುತ್ತದೆ.

ಬಳಸದೆಯೂ ಬರುವ ಬಿಲ್ಲಿನ ಸಂಗತಿ ಉಳಿಯಿತು. ಗದಗ ಜಿಲ್ಲೆಯಲ್ಲಿ, ಮುಂಡರಗಿ ಕಡೆ, ನಮ್ಮ ಮೂಲ ಮನೆಯಿದೆ. ಯಾರೂ ಇಲ್ಲ, ಬೀಗ. ಯುಗಾದಿಗೆ, ಜಾತ್ರೆಗೆ ಹೋದಾಗ ತೆರೆದು ಕಸ ಹೊಡೆಯುತ್ತೇವೆ. ಮೀಟರು ಅಣ್ಣನ ಹೆಸರಿನಲ್ಲಿದೆ, ಅವನ ಗೃಹಜ್ಯೋತಿ ಹುಬ್ಬಳ್ಳಿಯ ಮನೆಗೆ ಜೋಡಣೆಯಾಗಿದೆ. ಹಾಗಾಗಿ ಊರ ಮನೆಗೆ ಸೊನ್ನೆ ಯೂನಿಟ್ಟಿಗೂ ತಿಂಗಳಿಗೆ 290 ರೂಪಾಯಿ, ಎರಡು ಕಿಲೋವ್ಯಾಟಿನ ನಿಗದಿತ ಶುಲ್ಕ. "ಹಚ್ಚದ ಲೈಟಿಗೆ ಎಂಥಾ ರೊಕ್ಕ?" ಅಂತ ಅಣ್ಣನ ಸಿಟ್ಟು. ನನಗೆ ಅಷ್ಟು ಸಿಟ್ಟಿಲ್ಲ. ಕಂಬ, ತಂತಿ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಎಲ್ಲ ನಾವು ಬಟನ್ ಒತ್ತಿದ ಕ್ಷಣಕ್ಕೆ ಕಾಯುತ್ತ ನಿಂತಿರಬೇಕು, ಆ ನಿಲ್ಲುವುದಕ್ಕೂ ಖರ್ಚಿದೆ. ಆದರೂ ಹಿತ್ತಲಿಗೆ ಹೋಗಿ ನಿಂತರೆ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿ ಪಂಖಗಳು ಆಷಾಢದ ಗಾಳಿಗೆ ಬಿಡುವಿಲ್ಲದೆ ತಿರುಗುವುದು ಕಾಣುತ್ತದೆ. ಇತ್ತ ನಮ್ಮ ಮೀಟರಿನ ಅಂಕಿ ಕದಲುವುದಿಲ್ಲ. ನಮ್ಮ ಊರಿನ ಗಾಳಿಯ ಕರೆಂಟು ಯಾವ ಊರಿಗೆ ಹೋಗಿ ಯಾರ ಗೀಜರ್ ಕಾಸುತ್ತದೋ!

ಮೀಟರನ್ನೇ ತೆಗೆಸಿಬಿಡೋಣ ಅಂತ ಅಣ್ಣ ಹೇಳಿದಾಗ ಜಾತ್ರೆಯ ರಾತ್ರಿ ಕತ್ತಲಲ್ಲಿ ಕೂರಬೇಕಾಗುತ್ತದೆ ಅಂತ ಎಲ್ಲರೂ ಬೇಡ ಅಂದರು. ಕೊನೆಗೆ ಲೋಡನ್ನು ಎರಡರಿಂದ ಒಂದು ಕಿಲೋವ್ಯಾಟಿಗೆ ಇಳಿಸಲು ಅರ್ಜಿ ಕೊಡುವುದು ಅಂತ ತೀರ್ಮಾನವಾಯಿತು. ನಾಲ್ಕು ಎಲ್‌ಇಡಿ, ಎರಡು ಫ್ಯಾನಿಗೆ ಒಂದು ಕಿಲೋವ್ಯಾಟೇ ಹೆಚ್ಚು. ತಿಂಗಳಿಗೆ 145 ಉಳಿಯುತ್ತದೆ. ನಾನೂ ಅಣ್ಣನೂ ಸೋಮವಾರ ಹೋಗಿ ಬರೋಣ ಅಂತ ಕಾಗದ ಪತ್ರ ಜೋಡಿಸುತ್ತಿದ್ದಾಗ ವೈನಿ ಚಹಾ ತಂದಿಟ್ಟು, ನಮ್ಮ ಲೆಕ್ಕದ ಚೀಟಿಯನ್ನು ಒಮ್ಮೆ ನೋಡಿ ಅಂದರು: "ನೂರಾ ನಲವತ್ತೈದ್ ಉಳಸಾಕ ಇಬ್ಬರೂ ಹೋಗಿ ಬರೂ ಬಸ್ ಚಾರ್ಜ್ ಕೊಟ್ಟು ಹೊಂಟೀರಲ್ಲಾ. ಆ ಕಾಗದಾ ನನ್ನ ಕಡೆ ಕೊಡ್ರಿ, ನಾ ಹೋಗಿ ಬರ್ತೀನಿ. ನನಗ ಬಸ್ ಫ್ರೀ ಐತಿ."